ಬಿಲ್ವದ ಕೆಳಗಿನ ಚಿಗರಿ

|| ಶ್ರೀ ಮೈಲಾರಲಿಂಗ ಪ್ರಸನ್ನ ||

ವಾಕಡ, ಪುಣೆ
ಅಧಿಕ ಜ್ಯೇಷ್ಠ ಅಮಾವಾಸ್ಯೆ, ರವಿವಾರ
ದಿನಾಂಕ ೧೩-೬-೧೯೯೯

ಚಿರಂಜೀವಿ ಸೌಭಾಗ್ಯವತಿ ಶರಣಮ್ಮಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ಮೈಲಾಪುರದ ಮಲ್ಲಯ್ಯ ನಿನ್ನನ್ನೂ ಅಳಿಯ ಗುರಣ್ಣನನ್ನೂ ಕಾಯಲಿ. ನಾವು ಇಲ್ಲಿ ಇರುವ ಹಾಗೆ ಇದ್ದೇವೆ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಅವ್ವ ಮರೆತಳು ಎಂದು ನೀನು ಮುನಿಸಿಕೊಂಡಿದ್ದರೆ ತಪ್ಪಲ್ಲ. ಎರಡು ಸಲ ಬರೆಯಲು ಕುಳಿತೆ. ಒಂದು ಸಲ ಪೆನ್ನಿನಲ್ಲಿ ಮಸಿ ಇರಲಿಲ್ಲ, ಇನ್ನೊಂದು ಸಲ ನನ್ನಲ್ಲಿ ಸಮಾಧಾನ ಇರಲಿಲ್ಲ. ಈ ಕಾಗದ ನೀನೊಬ್ಬಳೇ ಓದು. ನಿಮ್ಮ ಅತ್ತೆ ಸಾವಂತ್ರವ್ವ, 'ಏನ್ ಬರದಾಳ ನಿಮ್ಮವ್ವ' ಎಂದು ಕೇಳಿದರೆ, ಎಲ್ಲರೂ ಆರಾಮ ಇದ್ದಾರಂತೆ ಎಂದು ಹೇಳಿ ನೀರಿಗೆ ಹೋಗಿಬಿಡು.

ಹೆದರಿಸುವ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನಿಮ್ಮಪ್ಪ ದವಾಖಾನೆಯಲ್ಲಿದ್ದಾರೆ. ಜೀವಕ್ಕೆ ಭಯವಿಲ್ಲ. ಹನ್ನೆರಡು ದಿನದ ಹಿಂದೆ, ಮಂಗಳವಾರ ಬೆಳಗ್ಗೆ, ತೋಟದ ದೊಡ್ಡ ಗಂಡು ಚಿಗರಿ ಅವರನ್ನು ಹಾಯ್ದಿತು. ಬಲತೊಡೆಯಲ್ಲಿ ಕೊಂಬು ಹೊಕ್ಕಿತು. ಕೆಡವಿದ ರಭಸಕ್ಕೆ ಬಿಲ್ವದ ಕಟ್ಟೆಯ ಕಲ್ಲಿನ ಮೇಲೆ ಬಿದ್ದು ಅದೇ ಕಾಲಿನ ಎಲುಬು ಮುರಿಯಿತು. ರಾಡು ಹಾಕಿದ್ದಾರೆ. ನಡೆಯುತ್ತಾರೆ, ಆದರೆ ಕೋಲು ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಎಷ್ಟು ದಿನ ಬೇಕು ಎಂದು ಕೇಳಿದೆ. ಅವರು ಬೇರೆ ಹಾಸಿಗೆಯ ಕಡೆ ಹೋದರು.

ಚಿಗರಿ ಹಾಯ್ದು ಕಾಲು ಮುರಿಯಿತು ಎಂದರೆ ನಿಮ್ಮೂರಿನ ಕಟ್ಟೆಯ ಮೇಲಿನ ಗಂಡಸರು ಬಿದ್ದು ಬಿದ್ದು ನಗುತ್ತಾರೆ, ಗೊತ್ತು. ಅವರು ನೋಡಿರುವುದು ಹೊಲ ಬಿಟ್ಟು ಓಡುವ ಚಿಗರಿಯ ಬೆನ್ನು, ಇಲ್ಲವೆ ಕ್ಯಾಲೆಂಡರಿನಲ್ಲಿ ಸೀತಮ್ಮನ ಪಕ್ಕ ನಿಂತದ್ದು. ಮದ ಏರಿದ ಗಂಡಿನ ಎದುರು ಅವರಲ್ಲಿ ಒಬ್ಬನೂ ನಿಂತವನಲ್ಲ.

ನಡೆದದ್ದನ್ನು ಬುಡದಿಂದ ಹೇಳುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನಿಮ್ಮಪ್ಪನದೇ ತಪ್ಪು ಅನ್ನಿಸುತ್ತದೆ.

ಮದುವೆಗೆ ಮೊದಲು ಒಂದು ವರ್ಷ ನೀನೂ ಈ ಟ್ರಸ್ಟಿನ ತೋಟದಲ್ಲಿ ಹುಲ್ಲು ಹಾಕಿದ್ದೀಯಲ್ಲ, ಆಗ ಜಾಳಿಗೆಯ ಒಳಗೆ ಹದಿನಾಲ್ಕು ಚುಕ್ಕೆ ಚಿಗರಿ ಇದ್ದವು. ಈಗ ನಲವತ್ತೊಂದು. ಜಾಗ ಅದೇ ಎರಡು ಎಕರೆ. ನೀರಿನ ತೊಟ್ಟಿ ಅದೇ. ಹುಲ್ಲು ಹಾಕುವ ಗೋದಲಿಯೂ ಒಂದೇ. ಬಲಿತ ಗಂಡುಗಳು ಐದು. ಅವುಗಳಲ್ಲಿ ದೊಡ್ಡವನ ಕೊಂಬು ಎರಡು ಮೊಳ. ನಾವು ಅವನನ್ನು ದೊಡ್ಡವ ಎಂದೇ ಕರೆಯುತ್ತಿದ್ದೆವು, ಬೇರೆ ಹೆಸರಿಟ್ಟಿರಲಿಲ್ಲ.

ಹೋದ ದೀಪಾವಳಿಗೆ ಹಳೆಯ ಮ್ಯಾನೇಜರರು ಹೋಗಿ ಕೃಷ್ಣಾಜಿ ಎಂಬವನು ಬಂದ. ಅವನ ಬಗ್ಗೆ ಬಹುವಚನದಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಮೊದಲು ಎಲ್ಲೋ ಗೋದಾಮಿನಲ್ಲಿ ಚೀಲ ನೋಡಿಕೊಳ್ಳುತ್ತಿದ್ದನಂತೆ. ಬಂದ ದಿನವೇ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಚಿಗರಿ ಎಣಿಸಿದ. ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬಂತು. "ಸಾಹೇಬ್ರ, ಚೀಲ ಇಟ್ಟಲ್ಲಿ ಇರ್ತಾವ. ಇವಕ್ಕ ಕಾಲ ಅದಾವ್ರಿ" ಎಂದು ನಿಮ್ಮಪ್ಪ ಅಂದದ್ದಕ್ಕೆ ಒಂದು ವಾರ ಮುಖ ತಿರುಗಿಸಿಕೊಂಡು ಓಡಾಡಿದ. (ಅವನ ಜೊತೆ ಮರಾಠಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ, ನಿನಗೆ ಮರಾಠಿ ಮರೆತಿರಬಹುದು.)

ಹೋಳಿಯ ಹೊತ್ತಿಗೆ ದೊಡ್ಡವನ ಕೊಂಬಿನ ಮೇಲೆ ಇನ್ನೂ ಮಕಮಲ್ಲಿನಂಥ ಎಳೆ ತೊಗಲು ಇತ್ತು. ಯುಗಾದಿ ಕಳೆದ ಮೇಲೆ ಬೇವಿನ ಬೊಡ್ಡೆಗೆ ತಿಕ್ಕತೊಡಗಿದ. ತೊಗಲು ಹರಿದು ರಕ್ತದ ಚಿಂದಿಗಳಾಗಿ ಜೋತಾಡಿತು. ಕೃಷ್ಣಾಜಿ ಕಂಡವನೇ ಅಂಗಳದಿಂದಲೇ ನಿಮ್ಮಪ್ಪನನ್ನು ಕೂಗಿದ: "ತಾಯಪ್ಪಾ, ಜಖಮ ಝಾಲೀ ಬಘ! ಹಳದ ಲಾವ!" ಗಾಯವಾಗಿದೆ ನೋಡು, ಅರಿಶಿನ ಹಚ್ಚು ಅಂತ.

"ಗಾಯ ಅಲ್ರಿ ಸಾಹೇಬ್ರ. ಕೊಂಬು ಬಲತದ, ಮ್ಯಾಲಿನ ತೊಗಲು ಕಳಚಲಕತ್ತದ. ಇನ್ ಮುಂದ ಅವಗ ಮದ ಏರ್ತದ."

"ನನಗೆ ಕಲಿಸ್ತೀಯಾ?" ಎಂದ. ಬಿಳಿ ಕ್ಯಾನ್ವಾಸ್ ಬೂಟಿಗೆ ಹಿಕ್ಕೆ ತಾಗದ ಹಾಗೆ ಬೆರಳ ತುದಿಯ ಮೇಲೆ ನಡೆಯುವ ಮನುಷ್ಯ, ಒಂಬತ್ತು ವರ್ಷ ಅವುಗಳ ನಡುವೆ ಬಾಳಿದವರನ್ನು ಹಾಗೆ ಕೇಳಿದ. ಅರಿಶಿನದ ಡಬ್ಬಿ ಮಾತ್ರ ತರಿಸಿದ. ನಾನು ಅದನ್ನು ಸಾರಿಗೆ ಹಾಕಿದೆ.

ನನ್ನ ತವರಿನಲ್ಲಿ ಇನ್ನೂರು ಕುರಿ ಇದ್ದವು. ಹೋತಕ್ಕೆ ಮದ ಬಂದರೆ ಮೂರು ಹೊಲದಾಚೆಗೆ ನಾತ ಹೊಡೆಯುತ್ತಿತ್ತು. ಬೇಡದ ಕಾಲದಲ್ಲಿ ಕುರಿ ಗಬ್ಬವಾಗಬಾರದೆಂದು ನಮ್ಮಪ್ಪ ಟಗರಿನ ಹೊಟ್ಟೆಗೆ ಗೋಣಿತಟ್ಟು ಕಟ್ಟಿ ಬಿಡುತ್ತಿದ್ದ. ನಾನು ಏಳನೆಯ ಇಯತ್ತೆಯವರೆಗೆ ಓದಿದ್ದು ಶಾಲೆಯಲ್ಲಿ, ಇದನ್ನೆಲ್ಲ ಓದಿದ್ದು ಹಟ್ಟಿಯಲ್ಲಿ. ಚಿಗರಿಯ ಮದ ಬೇರೆ ಏನಲ್ಲ. ದೊಡ್ಡವನ ಕುತ್ತಿಗೆ ಹದಿನೈದು ದಿನದಲ್ಲಿ ಬಿಂದಿಗೆಯಷ್ಟು ದಪ್ಪವಾಯಿತು, ಬಣ್ಣ ಕಪ್ಪಿಗೆ ತಿರುಗಿತು. ಹುಲ್ಲಿಗೆ ಬಾಯಿ ಹಾಕುವುದು ಬಿಟ್ಟ. ಹೊತ್ತು ಮೂಡುವಾಗ ಗಂಟಲು ಹರಿಯುವ ಹಾಗೆ ಒದರುತ್ತಿದ್ದ. ಹೆಣ್ಣು ಉಚ್ಚೆ ಹೊಯ್ದ ಕಡೆ ಮೂಸಿ ಮೇಲ್ದುಟಿ ಸುತ್ತಿಕೊಂಡು ನಿಲ್ಲುತ್ತಿದ್ದ. ಸಣ್ಣ ಗಂಡುಗಳು ಕಂಡರೆ ತಲೆ ತಗ್ಗಿಸಿ, ಬೆನ್ನ ಕೂದಲು ನಿಮಿರಿಸಿ, ಅಡ್ಡಡ್ಡ ನಡೆದು ಹೋಗುತ್ತಿದ್ದ. ನೆಲದ ಹುಲ್ಲನ್ನು ಕೊಂಬಿನಿಂದ ಕಿತ್ತು, ಆ ಹುಲ್ಲು ಕೊಂಬಿಗೆ ಜೋತಾಡುತ್ತಿರುವಂತೆಯೇ ತಿರುಗುತ್ತಿದ್ದ, ತಾನೆಷ್ಟು ದೊಡ್ಡವನೆಂದು ತೋರಿಸಲು. ಜಾತ್ರೆಯಲ್ಲಿ ಪೈಲವಾನರು ಪಟಕ ಸುತ್ತಿಕೊಂಡು ತಿರುಗುವುದಿಲ್ಲವೇ, ಹಾಗೆ.

ಇನ್ನೊಂದು ಇದೆ, ಅದನ್ನು ಚೆನ್ನಾಗಿ ನೆನಪಿಡು. ಜಾಳಿಗೆಯೊಳಗಿನ ಬಿಲ್ವದ ಕಟ್ಟೆಯ ಬಳಿ ಹಿಂಗಾಲ ಮೇಲೆ ಎದ್ದು ನಿಂತು, ಮೇಲಿನ ಟೊಂಗೆಯ ಎಲೆಗೆ ಮುಖ ಒತ್ತಿ ಕಣ್ಣು ಮುಚ್ಚಿ ತಿಕ್ಕುತ್ತಿದ್ದ. ಅವುಗಳ ಕಣ್ಣಿನ ಕೆಳಗೆ ಒಂದು ಕುಳಿ ಇರುತ್ತದೆ, ಅದರಿಂದ ಎಣ್ಣೆಯಂಥದ್ದು ಒಸರುತ್ತದೆ. ಈ ಹೆಣ್ಣುಗಳು ನನ್ನವು, ಬೇರೆಯವರು ದೂರ ಇರಿ ಎಂದು ಎಲೆಯ ಮೇಲೆ ನಾತದಲ್ಲಿ ಬರೆದಿಡುವುದು. ಇಷ್ಟೇ ವಿಷಯ.

ಸ್ವಪ್ನಿಲ್ ಅಂತ ಪ್ರಾಣಿಗಳ ಬಗ್ಗೆ ಓದಿದವನೊಬ್ಬ ತಿಂಗಳಿಗೊಮ್ಮೆ ಮೋಟಾರ್ ಸೈಕಲ್ ಮೇಲೆ ಬರುತ್ತಾನೆ. ಒಳ್ಳೆಯವನೇ. ಕುಕ್ಕರಗಾಲಿನಲ್ಲಿ ನನ್ನೆದುರು ಕುಳಿತು, "ಮಾವಶೀ, ಇವನು ತಿನ್ನೋದು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿ ಕೇಳಿ ಬರೆದುಕೊಂಡ. ನಾನು ಹೇಳಿದ್ದೆಲ್ಲ ಅವನ ಪುಸ್ತಕದಲ್ಲಿ ಇದೆಯಂತೆ. ಪುಸ್ತಕ ಸರಿಯಾಗಿದೆ ಎಂದು ತಿಳಿದು ಅವನಿಗೆ ಭಾಳ ಸಂತೋಷವಾಯಿತು. ನಿಮ್ಮಪ್ಪ ಅವನಿಗೆ ಹೇಳಿದರು, ದೊಡ್ಡವನನ್ನೂ ಇನ್ನಿಬ್ಬರು ಗಂಡುಗಳನ್ನೂ ಹಿಂದಿನ ಖಾಲಿ ದೊಡ್ಡಿಗೆ ಹಾಕಬೇಕು, ಹುಲ್ಲು ನಾಲ್ಕು ಕಡೆ ಹಾಕಬೇಕು, ಹಿಂಡು ಒಂದೇ ಗೋದಲಿಗೆ ನುಗ್ಗಬಾರದು. ಬಲಿತ ಕೊಂಬಿಗೆ ಉಗುರಿನ ಹಾಗೆ ನೋವಿಲ್ಲ, ತುದಿ ಕೊಯ್ದುಬಿಟ್ಟರೆ ಕಾದಾಡಿದರೂ ಸಾಯುವುದಿಲ್ಲ. ಮಳೆ ಹಿಡಿದು ಮದ ಇಳಿಯುವವರೆಗೆ ಜನರನ್ನು ಜಾಳಿಗೆಯಿಂದ ದೂರ ಇಡಬೇಕು. ಸ್ವಪ್ನಿಲ್ ತಲೆಯಾಡಿಸಿ ಆಡಿಸಿ ಇಂಗ್ಲಿಷಿನಲ್ಲಿ ವರದಿ ಬರೆದ. ಕೃಷ್ಣಾಜಿಯ ಮುಂದೆ ನಿಂತು ಬಾಯಿಬಿಟ್ಟು ಹೇಳು ಎಂದರೆ, "ನಾನು ಬರೆದು ಕೊಟ್ಟೀನಿ ಮಾವಶೀ" ಎಂದು ಗಾಡಿಗೆ ಒದ್ದು ಹೋದ. ಆ ವರದಿ ಕೃಷ್ಣಾಜಿಯ ಮೇಜಿನ ಮೇಲೆ ಚಹಾದ ಗ್ಲಾಸಿಗೆ ನೊಣ ಕೂರದಂತೆ ಮುಚ್ಚಳವಾಗಿತ್ತು. ನಾನೇ ನೋಡಿದೆ. ಮೇಲೆ ಗ್ಲಾಸಿನ ಬಾಯಿಯ ಗುಂಡು ಗುರುತು ಬಿದ್ದಿತ್ತು.

ಅಷ್ಟರಲ್ಲಿ ಅಧಿಕಮಾಸ ಬಂತು. ಇಲ್ಲಿಯವರು ಈ ತಿಂಗಳು ಅಳಿಯಂದಿರನ್ನು ಕರೆದು ಮೂವತ್ತಮೂರು ಅನಾರಸದ ಕಜ್ಜಾಯ ಕೊಡುತ್ತಾರೆ, ಉಳಿದ ಹೊತ್ತಿನಲ್ಲಿ ಪುಣ್ಯ ಹುಡುಕಿಕೊಂಡು ತಿರುಗುತ್ತಾರೆ. ಮೊದಲನೆಯ ಸೋಮವಾರವೇ ತೋಟದ ಕಸ ಗುಡಿಸುವ ಸಕ್ಕುಬಾಯಿ, ನಮ್ಮ ಕಡೆಯವಳೇ, ಆಳಂದದವಳು, ಬಾರಿಗೆ ಎಸೆದು ಕೂಗಿದಳು: "ಅಯ್ಯಯ್ಯ ಶಿವನ! ನೋಡ್ರೇ, ಮೂಕಪ್ರಾಣಿ ಪತ್ರಿಗಿಡಕ್ಕ ಕೈ ಮುಗೀಲಕತ್ತದ!"

ದೊಡ್ಡವ ಕೊಂಬಿನ ತುಂಬ ಹುಲ್ಲು ಹೊತ್ತುಕೊಂಡು, ಎರಡು ಕಾಲ ಮೇಲೆ ನಿಂತು, ಕಣ್ಣು ಮುಚ್ಚಿ ಬಿಲ್ವಕ್ಕೆ ಮುಖ ತಿಕ್ಕುತ್ತಿದ್ದ. ವಾಯುವಿಹಾರಕ್ಕೆ ಬಂದಿದ್ದ ಹತ್ತು ಜನ ಚಪ್ಪಲಿ ಬಿಟ್ಟು ನಿಂತರು. ಒಬ್ಬ ನಿವೃತ್ತ ಮಾಸ್ತರ ಅಳುತ್ತಿದ್ದ. ಸಂಜೆಗೆ ಊರೆಲ್ಲ ಹಬ್ಬಿತು.

ನಾನು ದೇವರಿಲ್ಲ ಅನ್ನುವವಳಲ್ಲ, ನಿನಗೆ ಗೊತ್ತು. ಪ್ರತಿ ರವಿವಾರ ಒಪ್ಪತ್ತು ಇರುತ್ತೇನೆ. ವರ್ಷಕ್ಕೆರಡು ಸಲ ಜೇಜುರಿಯ ಮೆಟ್ಟಿಲು ಹತ್ತುತ್ತೇನೆ, ನಮ್ಮ ಮಲ್ಲಯ್ಯನೇ ಇಲ್ಲಿ ಖಂಡೋಬ ಎಂದು. ಭಂಡಾರ ಹಚ್ಚಿಕೊಳ್ಳದೆ ಒಲೆ ಹಚ್ಚಿದವಳಲ್ಲ. ಅದಕ್ಕೇ ನನಗೆ ಸಿಟ್ಟು. ಸಕ್ಕುಬಾಯಿಗೆ ಅಂದೆ: "ಅವಂದು ಶಿವನ ಧ್ಯಾನ ಅಲ್ಲವ್ವ, ಹೆಣ್ಣಿನ ಧ್ಯಾನ. ನೀ ಕುರಿ ಕಾಯ್ದಾಕಿ, ನಿನಗ ಗೊತ್ತಿಲ್ಲೇನು?"

"ಮಾಳಕ್ಕ, ನಿನಗ ಎಲ್ಲಾದ್ರಾಗೂ ಹಿಕ್ಕೀನೇ ಕಾಣ್ತದ" ಎಂದಳು.

ಕೃಷ್ಣಾಜಿಗೆ ಮಾತ್ರ ಹಬ್ಬ. ಜಾಳಿಗೆಯ ಹೊರಗೆ ಗಂಟೆ ಕಟ್ಟಿಸಿದ, ಸಾಲು ನಿಲ್ಲಲು ಹಗ್ಗ ಎಳೆಸಿದ, 'ಭಕ್ತ ಹರಿಣ' ಎಂದು ಬೋರ್ಡು ಬರೆಸಿದ. ಕೆಂಪು ಅಕ್ಷರ. ಗಂಟೆಯ ಸದ್ದಿಗೆ ಹಿಂಡು ಬೆದರಿ ಓಡಿ ಓಡಿ ಎರಡು ಗಬ್ಬದ ಹೆಣ್ಣುಗಳು ಹೊತ್ತಿಗೆ ಮೊದಲೇ ಕಂದು ಹಾಕಿದವು. ಆ ಲೆಕ್ಕ ಬೋರ್ಡಿನ ಮೇಲೆ ಬರಲಿಲ್ಲ. ನಿಮ್ಮಪ್ಪ ಹೋಗಿ ಕೇಳಿಕೊಂಡರು. "ಲೋಕರಿಗೆ ಶ್ರದ್ಧೆ ಇದೆ, ನೀನ್ಯಾಕೆ ಅಡ್ಡ ಬರ್ತೀ" ಎಂದ. ನಾನು ಮುಂದೆ ಹೋಗಿ ಮದದ ವಿಷಯ ಹೇಳಿದರೆ ಕಿವಿ ಮುಚ್ಚಿಕೊಂಡ. ಹೆಂಗಸಿನ ಬಾಯಲ್ಲಿ ಇಂಥ ಮಾತೇ ಎಂದು ಅವನಿಗೆ ನಾಚಿಕೆಯಾಯಿತಂತೆ!

ಎರಡನೆಯ ಸೋಮವಾರಕ್ಕೆ ಇನ್ನೊಂದು ಹುಟ್ಟಿತು. ಅವನು ಮುಖ ತಿಕ್ಕಿದ ದಳ ಉಡಿಯಲ್ಲಿ ಹಾಕಿಕೊಂಡರೆ ಮಕ್ಕಳಿಲ್ಲದವರಿಗೆ ಮಕ್ಕಳಾಗುತ್ತವೆ ಎಂದು. ಯಾರು ಹುಟ್ಟಿಸಿದರೋ. ಸಕ್ಕುಬಾಯಿಯ ತಂಗಿಯ ಸೊಸೆ ನಾಲ್ಕೇ ದಿನಕ್ಕೆ ಬಸುರಾದಳಂತೆ. ನಾಲ್ಕು ದಿನಕ್ಕೆ ಬಸುರು ತಿಳಿಯುವುದು ಸಕ್ಕುಬಾಯಿಯ ಮನೆತನದಲ್ಲಿ ಮಾತ್ರ. ಹಿಂಜವಡಿ, ಖರಾಡಿ, ಮಗರಪಟ್ಟಾದಿಂದ ರಿಕ್ಷಾ ಮಾಡಿಕೊಂಡು ಹೆಣ್ಣುಮಕ್ಕಳು ಬಂದರು. ಜರತಾರಿ ಸೀರೆ ಉಟ್ಟವರು, ಓದಿದವರು, ಕನ್ನಡಕದವರು. ನಿಮ್ಮಪ್ಪ ಜಾಳಿಗೆಯ ಹೊರಗೆ ಚಾಚಿದ ಅದೇ ಬಿಲ್ವದ ಟೊಂಗೆಗಳಿಂದ ದೋಟಿಯಲ್ಲಿ ದಳ ಕಿತ್ತು ಕೊಡಬೇಕು, ಕೃಷ್ಣಾಜಿಯ ಹುಕುಂ. ಸೆರಗು ಒಡ್ಡಿ, ಕಣ್ಣಿಗೊತ್ತಿಕೊಂಡು, ಗಂಡು ಚಿಗರಿಯ ಜೊಲ್ಲನ್ನು ಪ್ರಸಾದವೆಂದು ಒಯ್ದರು. ಇವರ ತಲೆಯಲ್ಲಿ ಮಿದುಳಿದೆಯೋ ಹಿಂಡಿ ಇದೆಯೋ ಎಂದು ನಾನು ಅವರಿಗೆ ಕೇಳುವ ಹಾಗೆಯೇ ಅಂದೆ. ಅವರಲ್ಲಿ ಒಬ್ಬಳು ತಿರುಗಿ ನೋಡಿದಳು. ನಿನ್ನ ವಯಸ್ಸಿನವಳು.

ಎಂಟೇ ದಿನದಲ್ಲಿ ಹೊರಗಿನ ಟೊಂಗೆಗಳು ಬೋಳಾದವು.

ಇಷ್ಟು ಬರೆದು ದವಾಖಾನೆಗೆ ಬುತ್ತಿ ಕೊಟ್ಟು ಬಂದೆ. ರೊಟ್ಟಿ, ಪುಂಡಿಪಲ್ಲೆ. ಅರ್ಧ ತಿಂದರು. ಪಕ್ಕದ ಹಾಸಿಗೆಯವನು, "ಏನ್ರೀ ಕಾಕಾ, ಹುಲಿ ಆಗಿದ್ದರೆ ಪೇಪರಿನಲ್ಲಾದರೂ ಬರುತ್ತಿತ್ತು" ಎಂದು ತಮಾಷೆ ಮಾಡುತ್ತಾನೆ. ನಿಮ್ಮಪ್ಪ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮೇ ಮೂವತ್ತೊಂದು, ಮೂರನೆಯ ಸೋಮವಾರ, ನಿಮ್ಮ ಅತ್ತೆಯ ಕಾಗದವೂ ಬಂತು. ಯಾರ ಕೈಯಿಂದ ಬರೆಸಿದಳೋ, ಅಕ್ಷರ ಮುತ್ತಿನಂತಿವೆ, ಒಳಗಿನ ವಿಷಯ ಮಾತ್ರ ಅವಳದೇ. ಏಳು ವರ್ಷ ದಾರಿ ನೋಡಿದೆವು, ಅಧಿಕ ಕಳೆದು ನಿಜಜ್ಯೇಷ್ಠ ಹತ್ತಿದ ಕೂಡಲೆ ಗುರಣ್ಣನಿಗೆ ಇನ್ನೊಂದು ಹೆಣ್ಣು ನೋಡುತ್ತೇವೆ, ಶರಣಮ್ಮ ಮನೆಯಲ್ಲೇ ಇರಲಿ, ಅವಳಿಗೆ ನಾವೇನು ಉಣ್ಣಲು ಕಡಿಮೆ ಮಾಡುವುದಿಲ್ಲ ಎಂದು. ನೀನು ನಿನ್ನ ಕಾಗದದಲ್ಲಿ ಈ ಮಾತು ಬರೆದಿರಲಿಲ್ಲ. ಜೋಳ, ಮಳೆ, ಎಮ್ಮೆ ಈಯ್ದದ್ದು ಬರೆದಿದ್ದೆ. ಗುರಣ್ಣ ಏನಂದ? ಏನೂ ಅಂದಿರಲಿಕ್ಕಿಲ್ಲ. ಅವ್ವನ ಮುಂದೆ ಬಾಯಿ ಬಿಟ್ಟದ್ದು ಅವನು ಹುಟ್ಟಿದ ದಿನ ಒಂದೇ ಇರಬೇಕು. ದೋಷ ಯಾರದೆಂದು ನೋಡಿಸಲು ಒಂದು ಸಲವಾದರೂ ದವಾಖಾನೆಗೆ ಅವನು ಬಂದನೇ? ಸಾವಂತ್ರವ್ವ ಬಿಡುತ್ತಾಳೆಯೇ? ದೊಡ್ಡಿಯಲ್ಲಿ ಹೆಣ್ಣು ಹೆಚ್ಚಿಸಿದರೆ ಹಿಂಡು ಹೆಚ್ಚುತ್ತದೆ ಎಂಬುದು ಅವಳ ಲೆಕ್ಕ. ಕೃಷ್ಣಾಜಿಗೂ ಅವಳಿಗೂ ಒಂದೇ ಶಾಲೆ.

ಮರುದಿನ ಬೆಳಗ್ಗೆ ಆದದ್ದು ಇಷ್ಟು. ಜಾಳಿಗೆಯ ಒಳಗೆ ಹೋಗಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬರೇ ಹೋಗುವಂತಿಲ್ಲ, ಬಾಗಿಲಲ್ಲಿ ಕಾವಲಿನ ಅಂಬಣ್ಣ ನಿಂತಿರಬೇಕು. ಎದೆಯೆತ್ತರದ ಮರದ ಹಲಗೆಯನ್ನು ಮುಂದೆ ಹಿಡಿದುಕೊಂಡೇ ಹೋಗಬೇಕು. ಕಾಲಲ್ಲಿ ಗಟ್ಟಿ ಚಪ್ಪಲಿ ಇರಬೇಕು. ಈ ಪದ್ಧತಿ ಮಾಡಿದವರೇ ನಿಮ್ಮಪ್ಪ. ಒಂಬತ್ತು ವರ್ಷ ಒಂದು ದಿನ ತಪ್ಪಿಸಿದವರಲ್ಲ. ಆ ದಿನ ಅಂಬಣ್ಣ ಬರುವ ಮೊದಲೇ, ಹಲಗೆ ಗೋಡೆಗೆ ಒರಗಿಸಿಟ್ಟು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋದರು. ದೊಡ್ಡವ ಹೆಣ್ಣುಗಳ ನಡುವೆ ಇದ್ದ. ನಿಮ್ಮಪ್ಪ ಬಿಲ್ವದ ಕಟ್ಟೆ ಹತ್ತಿದ್ದನ್ನು ಕಂಡು, ತಾನು ಗುರುತು ಮಾಡಿದ ಟೊಂಗೆಗೆ ಇನ್ನೊಬ್ಬ ಕೈ ಹಾಕಿದನೆಂದು ತಿಳಿದ. ಅಷ್ಟೇ. ಅವನ ತಪ್ಪೇನಿಲ್ಲ. ಅಂಬಣ್ಣ ಬಂದು ಬಡಿಗೆಯಿಂದ ಡಬ್ಬಿ ಬಾರಿಸಿ ಓಡಿಸಿದ. ನಾನು ಸೀರೆಯ ಸೆರಗು ಹರಿದು ತೊಡೆ ಬಿಗಿದೆ.

ಎಲ್ಲರೂ ಕೇಳುವುದು ಒಂದೇ, ತಾಯಪ್ಪ ಯಾಕೆ ಹೋದ? ಕೃಷ್ಣಾಜಿ ಕಾಗದ ಪೆನ್ನು ಹಿಡಿದು ದವಾಖಾನೆಗೇ ಬಂದ. ಅರಣ್ಯ ಖಾತೆಯವರೂ ಬಂದಿದ್ದರು. "ನಾನು ಹೇಳಿದ್ನಾ ಹೋಗು ಅಂತ? ಹೇಳು ಇವರ ಮುಂದೆ" ಎಂದ. ನಾನು ನಿಮ್ಮಪ್ಪನ ಮುಖವನ್ನೇ ನೋಡುತ್ತಿದ್ದೆ. ಹೌದ್ರಿ, ಇವರೇ ದಳ ತರಲು ಹೇಳಿದರು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಎಲ್ಲರೂ ನಂಬುತ್ತಿದ್ದರು. ದೋಟಿ ಹಿಡಿಸಿದವನು ಅವನೇ ಅಲ್ಲವೇ.

ನಿಮ್ಮಪ್ಪ ಅಂದರು, "ಯಾರೂ ಹೇಳಿಲ್ರಿ. ನಾನ ಹೋಗೀನಿ. ನನ್ನ ತಪ್ಪದ."

"ಚಪ್ಪಲಿ ಯಾಕೆ ಬಿಟ್ಟೆ? ಹಲಗೆ ಯಾಕೆ ಬಿಟ್ಟೆ?"

"ಮರ್ತಿನ್ರಿ."

ಅಲ್ಲಿಗೇ ಸಹಿ ಹಾಕಿಸಿಕೊಂಡು ಹೋದ. ಈಗ ತೋಟದ ಕೆಲಸ ಇಲ್ಲ. ಟ್ರಸ್ಟಿನವರು ಕೊಟ್ಟ ಕೋಣೆಯನ್ನು ತಿಂಗಳ ಕೊನೆಗೆ ಬಿಡಬೇಕು. ಅಂಬಣ್ಣ ತನ್ನ ಓಣಿಯಲ್ಲಿ ಒಂದು ಖೋಲಿ ನೋಡಿದ್ದಾನೆ, ಅದರ ಚಿಂತೆ ನೀನು ಮಾಡಬೇಡ.

ಇದನ್ನು ಓದಿ ನೀನೂ ನಗು. ಅವರು ಕಾಲು ಮುರಿದುಕೊಂಡು ಬಿದ್ದ ನಾಲ್ಕನೆಯ ದಿನ ಎಂಟು ಜನ ಬಂದು ಬಲೆ ಹಾಕಿ ದೊಡ್ಡವನನ್ನು ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿ, ಗರಗಸದಿಂದ ಕೊಂಬು ಕೊಯ್ದು ಹಿಂದಿನ ದೊಡ್ಡಿಗೆ ಹಾಕಿದರು. ಅರ್ಧ ಗಂಟೆಯ ಕೆಲಸ. ಉಳಿದ ಗಂಡುಗಳನ್ನೂ ಬೇರೆ ಮಾಡಿದರು. ಗೋದಲಿ ನಾಲ್ಕಾದವು. ಸ್ವಪ್ನಿಲ್ ಪಕ್ಕದಲ್ಲಿ ನಿಂತು ಫೋಟೋ ತೆಗೆದ, ವರದಿಗೆ ಬೇಕಂತೆ. ಚೈತ್ರದಲ್ಲಿ ಹೇಳಿದ್ದನ್ನು ಜ್ಯೇಷ್ಠದಲ್ಲಿ ಮಾಡಿ ಕೃಷ್ಣಾಜಿ ಟ್ರಸ್ಟಿನವರಿಂದ ಶಹಬ್ಬಾಸ್ ಅನ್ನಿಸಿಕೊಂಡ.

ಭಕ್ತರೂ ಸುಮ್ಮನಿಲ್ಲ. ತಾಯಪ್ಪ ಮೈಲಿಗೆಯಲ್ಲಿ ಹೋಗಿರಬೇಕು, ಅದಕ್ಕೇ ದೇವರ ಚಿಗರಿ ಶಿಕ್ಷೆ ಕೊಟ್ಟಿತು ಎಂದು ಸಕ್ಕುಬಾಯಿ ನಳದ ಹತ್ತಿರ ಅಂದಳು. ಅವಳ ಕೊಡ ಒದ್ದು ಬಂದೆ. ಮೈಲಿಗೆಯಂತೆ! ಆ ಬೆಳಗ್ಗೆ ತಣ್ಣೀರಲ್ಲಿ ಜಳಕ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡೇ ಹೋಗಿದ್ದರು.

ಹೆಚ್ಚಿಗೆ ಏನು ಬರೆಯಲಿ. ಕೈ ನೋಯುತ್ತದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆ ಏನೇ ಅಂದರೂ ಎದುರಾಡಬೇಡ, ತಲೆಯೂ ತಗ್ಗಿಸಬೇಡ. ಹೆಣ್ಣು ನೋಡಲು ಅವರು ಹೊರಟ ದಿನ ನನಗೆ ತಂತಿ ಕೊಡು, ನಾನೇ ಬಂದು ಸಾವಂತ್ರವ್ವನ ಅಂಗಳದಲ್ಲಿ ಕೂರುತ್ತೇನೆ. ಮಲ್ಲಯ್ಯನ ದಯೆ ನಿನ್ನ ಮೇಲಿರಲಿ, ನಿನ್ನ ಕುಂಕುಮ ಗಟ್ಟಿಯಾಗಿರಲಿ.

ನಿನ್ನ ಅವ್ವ,
ಮಾಳಮ್ಮ

ತಾ.ಕ.: ಸಹಿ ಮಾಡಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಆಗದೆ ಮತ್ತೆ ತೆಗೆದೆ.

ನಿಮ್ಮಪ್ಪ ಯಾಕೆ ಹೋದರು ಎಂದು ನನಗೆ ಗೊತ್ತು. ನಾನು ಕಳಿಸಿದೆ. ನಿಮ್ಮ ಅತ್ತೆಯ ಕಾಗದ ಓದಿದ ಮರುದಿನ, ಅವರು ಚಹಾ ಕುಡಿಯುತ್ತಿದ್ದಾಗ ಹೇಳಿದೆ: "ಹೊರಗಿನ ಟೊಂಗಿ ಬೋಳಾಗ್ಯಾವ. ಒಳಗ ಅವ ಮುಖ ತಿಕ್ಕೋ ಟೊಂಗಿದು ಒಂದು ದಳ ತಂದುಕೊಡ್ರಿ."

ಅವರು ಚಹಾದ ಬಸಿ ಕೆಳಗಿಟ್ಟು ನನ್ನನ್ನು ನೋಡಿದರು. "ನೀನ ಅಂತಿದ್ದೆಲ್ಲ, ಗಂಡಿನ ಜೊಲ್ಲು ಅಂತ."

"ಅಂದೀನಿ. ತರ್ರಿ."

ಬಿಲ್ವ ಕೀಳುವಾಗ ಕಾಲಲ್ಲಿ ಚಪ್ಪಲಿ ಇರಬಾರದು ಎಂದವಳು ನಾನು. ನೆಲಕ್ಕೆ ಬೀಳಬಾರದು, ಎರಡೂ ಕೈಯಿಂದ ತೆಗೆದುಕೊಳ್ಳಿ ಎಂದವಳೂ ನಾನು. ಎರಡೂ ಕೈ ಬೇಕೆಂದರೆ ಹಲಗೆ ಹಿಡಿಯುವುದು ಯಾವ ಕೈಯಲ್ಲಿ? ಇನ್ನು ಅಂಬಣ್ಣ. ಅವನು ಕಂಡರೆ ಸಕ್ಕುಬಾಯಿಗೆ ತಿಳಿಯುತ್ತದೆ, ಮಾಳಕ್ಕನೂ ದಳ ತರಿಸಿದಳು ಎಂದು ಊರೆಲ್ಲ ಆಡಿಕೊಂಡು ನಗುತ್ತದೆ. ಅವನು ಬರುವ ಮೊದಲೇ ಹೋಗಿ ಬರ್ರಿ ಎಂದೆ. ಜನ ನನ್ನನ್ನು ನಗಬಾರದೆಂದು ಅವರನ್ನು ಒಬ್ಬರನ್ನೇ ಕಳಿಸಿದೆ, ಮಗಳೇ. ದವಾಖಾನೆಯಲ್ಲಿ ಅವರು ಮರ್ತಿನಿ ಎಂದದ್ದೂ ಅದಕ್ಕೇ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಮೇಲೆ ಆ ಹೆಣ್ಣುಮಕ್ಕಳ ಬಗ್ಗೆ ಬರೆದದ್ದನ್ನು ಕಾಟು ಹಾಕಬೇಕೆಂದಿದ್ದೆ. ಹಾಕಲಿಲ್ಲ. ನಾನು ಏನೇನು ಅಂದಿದ್ದೆ ಎಂಬುದು ನಿನಗೂ ಗೊತ್ತಿರಲಿ.

ಕಟ್ಟೆಯಿಂದ ಎತ್ತಿಕೊಂಡು ಬರುವಾಗ ನಿಮ್ಮಪ್ಪನ ಮುಷ್ಟಿ ಬಿಡಿಸಲು ಯಾರಿಗೂ ಆಗಲಿಲ್ಲ. ದವಾಖಾನೆಯಲ್ಲಿ ನನ್ನ ಕೈ ಸಿಕ್ಕ ಮೇಲೆ ತಾವಾಗಿ ಬಿಟ್ಟರು. ಅದರಲ್ಲಿದ್ದ ದಳವನ್ನು ಕಾಗದದಲ್ಲಿ ಮಡಿಸಿ ಇದರೊಳಗೆ ಇಟ್ಟಿದ್ದೇನೆ. ಮೂರರಲ್ಲಿ ಒಂದೆಲೆ ಹರಿದಿದೆ. ಮೇಲಿನ ಕಲೆ ಚಿಗರಿಯದಲ್ಲ. ನನಗೆ ಅದರ ಮೇಲೆ ನಂಬಿಕೆ ಇಲ್ಲ, ಎಸೆಯಲೂ ಕೈ ಬರಲಿಲ್ಲ. ಉಡಿಯಲ್ಲಿ ಹಾಕಿಕೋ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ.

ದಿನಾ ಬುತ್ತಿ ಬಿಚ್ಚುವ ಮೊದಲು ಅವರು ಕೇಳುವುದು ಒಂದೇ, "ಕಳಿಸಿದೇನ?" ಮುಟ್ಟಿತು ಎಂದು ಒಂದು ಸಾಲು ಬರೆ. ನನ್ನ ಹೆಸರಿಗೆ ಬೇಡ, ಅವರ ಹೆಸರಿಗೆ.